ಸಿಗಾರ್ ಪೆಟ್ಟಿಗೆ ಗಿಟಾರಿನ ತಂತಿ ಪದೇ ಪದೇ ತುಂಡಾಗುತ್ತಿದ್ದರೆ: ಕಾರಣ ಹುಡುಕುವ ಮತ್ತು ಸರಿಪಡಿಸುವ ಕ್ರಮ

ಮನೆಯಲ್ಲೇ ಮಾಡಿಕೊಂಡ ಗಿಟಾರಿನ ತಂತಿ ತುಂಡಾದ ಕೂಡಲೇ ಹೆಚ್ಚಿನವರು ಆ ಚೂರುಗಳನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿ ಹೊಸ ತಂತಿಯ ಪೊಟ್ಟಣ ಒಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಂತಿ ಎಲ್ಲಿ ತುಂಡಾಗಿದೆ ಎಂಬುದನ್ನು ನೋಡಿದರೆ ಅದು ಏಕೆ ತುಂಡಾಯಿತು ಎಂಬುದು ಮುಕ್ಕಾಲು ಪಾಲು ತಿಳಿದುಬಿಡುತ್ತದೆ. ಕಾರ್ಖಾನೆಯ ಗಿಟಾರಿನಲ್ಲಿ ತಂತಿ ತಾಗುವ ಪ್ರತಿಯೊಂದು ಅಂಚನ್ನೂ ಯಾರೋ ಮೊದಲೇ ಉಜ್ಜಿ ನಯಮಾಡಿರುತ್ತಾರೆ. ನಾವೇ ಕಟ್ಟಿದ ವಾದ್ಯದಲ್ಲಿ ಆ ಕೆಲಸ ಸಾಮಾನ್ಯವಾಗಿ ಅರ್ಧಕ್ಕೇ ನಿಂತಿರುತ್ತದೆ, ಏಕೆಂದರೆ ಪೆಟ್ಟಿಗೆಗೆ ಕತ್ತು ಕೂರಿಸಿ ಮೂರು ತಂತಿ ಎಳೆದ ಮೇಲೆ ನುಡಿಸಿ ನೋಡುವ ಆತುರವನ್ನು ತಡೆದುಕೊಳ್ಳುವುದು ಕಷ್ಟ.

ಸಿಗಾರ್ ಪೆಟ್ಟಿಗೆಯಿಂದ ವಾದ್ಯ ಮಾಡುವ ಪದ್ಧತಿ ಅಮೆರಿಕದ್ದು, ಹತ್ತೊಂಬತ್ತನೆಯ ಶತಮಾನದ್ದು. ಅಲ್ಲಿಯ ಅಂತರ್ಯುದ್ಧದ ಶಿಬಿರಗಳನ್ನು ಕಣ್ಣಾರೆ ಕಂಡು ಚಿತ್ರಿಸಿದ ಎಡ್ವಿನ್ ಫೋರ್ಬ್ಸ್ 1876ರ ಒಂದು ಅಚ್ಚುಚಿತ್ರದಲ್ಲಿ ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುತ್ತಿರುವ ಸೈನಿಕನನ್ನು ತೋರಿಸಿದ್ದಾನೆ. ದಕ್ಷಿಣದ ರಾಜ್ಯಗಳ ಬಡ ಕಪ್ಪು ಕುಟುಂಬಗಳ ಮಕ್ಕಳು ಪೊರಕೆಗೆ ಸುತ್ತಿದ್ದ ತಂತಿಯನ್ನು ಬಿಚ್ಚಿ ಗೋಡೆಗೋ ಹಲಗೆಗೋ ಮೊಳೆ ಹೊಡೆದು ಬಿಗಿದು, ಬಾಟಲಿ ಜಾರಿಸಿ ನುಡಿಸುತ್ತಿದ್ದ ಒಂಟಿ ತಂತಿಯ ವಾದ್ಯವೂ ಇದೇ ಕುಲಕ್ಕೆ ಸೇರಿದ್ದು. ನಮ್ಮಲ್ಲಿ ಸಿಗಾರ್ ಪೆಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ನನ್ನ ವಾದ್ಯದ ಒಡಲು ದೀಪಾವಳಿಗೆ ಒಣಹಣ್ಣು ತುಂಬಿಕೊಂಡು ಬಂದ ಮರದ ಪೆಟ್ಟಿಗೆ. ಕತ್ತು ಬಾಗಿಲ ಚೌಕಟ್ಟು ಮಾಡಿಸಿದಾಗ ಉಳಿದ ತೇಗದ ಪಟ್ಟಿ. ತಂತಿ ಮೂರು. ಶ್ರುತಿ ಜಿ-ಡಿ-ಜಿ, ಅಂದರೆ ಜಿ ಸ್ವರವನ್ನು ಷಡ್ಜವೆಂದುಕೊಂಡರೆ ಸ-ಪ-ಸ. ಹಾರ್ಮೋನಿಯಂ ಬಲ್ಲವರಿಗೆ ಇದು ಬಿಳಿ ಐದು. ತಂಬೂರಿಯ ನಾದ ಕೇಳಿ ಬೆಳೆದ ಕಿವಿಗೆ ಈ ಶ್ರುತಿಯನ್ನು ಸೇರಿಸುವುದು ಆರು ತಂತಿಯ ಗಿಟಾರಿಗಿಂತ ಎಷ್ಟೋ ಸುಲಭ.

ಮುಂದೆ ಬರುವ ಹೆಸರುಗಳ ಬಗ್ಗೆ ಒಂದು ಮಾತು. ತಂತಿಯನ್ನು ಬಿಗಿಮಾಡುವುದು ಬಿರಡೆ. ಪೆಟ್ಟಿಗೆಯ ಮೇಲೆ ತಂತಿಯನ್ನು ಹೊತ್ತು ನಿಲ್ಲುವುದು ಕುದುರೆ. ಕತ್ತಿನ ಮೇಲೆ ಅಡ್ಡಲಾಗಿರುವವು ಮೆಟ್ಟಿಲುಗಳು. ವೀಣೆಯವರ ಈ ಮಾತುಗಳು ಇಲ್ಲಿಗೂ ಸಲ್ಲುತ್ತವೆ. ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳಿರುವ ಪಟ್ಟಿಯನ್ನು ಮಾತ್ರ ಗಿಟಾರಿನವರು ಕರೆಯುವಂತೆ ನಟ್ ಎಂದೇ ಕರೆಯುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಬೇಡಿ, ಬೋಲ್ಟಿನ ಜೊತೆಗಾರನನ್ನು ಕಾಗದದಲ್ಲಿ ಸುತ್ತಿ ಕೊಟ್ಟುಬಿಡುತ್ತಾರೆ.

ಮೊದಲ ಕೆಲಸ: ತುಂಡನ್ನು ಓದುವುದು

ತಂತಿ ತುಂಡಾದಾಗ ಉಳಿದ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಆದರೆ ಪೂರ್ತಿ ಬಿಚ್ಚಬೇಡಿ. ನಮ್ಮ ವಾದ್ಯಗಳಲ್ಲಿ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ಅದು ನಿಂತಿರುತ್ತದೆ. ಎಲ್ಲ ತಂತಿಗಳನ್ನೂ ಬಿಚ್ಚಿದರೆ ಅದು ಬಿದ್ದುಹೋಗಿ, ಮತ್ತೆ ಸರಿಯಾದ ಜಾಗ ಹುಡುಕುವ ಕೆಲಸ ಬೇರೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕುದುರೆಯ ಎರಡೂ ತುದಿಗಳ ಬಳಿ ಪೆಟ್ಟಿಗೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಒಂದು ತಂತಿ ಹೋದಾಗ ಉಳಿದವುಗಳ ಶ್ರುತಿ ಕೊಂಚ ಏರಿದ್ದು ಕಂಡರೆ ಗಾಬರಿ ಬೇಡ. ಅಷ್ಟು ಎಳೆತ ತಪ್ಪಿದ್ದರಿಂದ ಬಾಗಿದ್ದ ಕತ್ತು ಹಿಂದಕ್ಕೆ ಸರಿದಿದೆ, ಅಷ್ಟೇ.

ಈಗ ತುಂಡಾದ ತಂತಿಯ ಎರಡೂ ಭಾಗಗಳನ್ನು ವಾದ್ಯದ ಪಕ್ಕದಲ್ಲಿ ನೇರವಾಗಿ ಹಿಡಿದು, ತುಂಡಾದ ಜಾಗ ಯಾವುದರ ಎದುರಿಗೆ ಬರುತ್ತದೆ ನೋಡಿ. ಬಿರಡೆಯ ಕಂಬ, ನಟ್, ಮೆಟ್ಟಿಲು, ಕುದುರೆ, ಬಾಲದ (ಪೆಟ್ಟಿಗೆಯ ಕೆಳತುದಿಯಲ್ಲಿ ತಂತಿಯನ್ನು ಸಿಕ್ಕಿಸುವ ಕಡೆಯ) ರಂಧ್ರ, ಹೆಚ್ಚಾಗಿ ಈ ಐದರಲ್ಲಿ ಒಂದಾಗಿರುತ್ತದೆ. ನಂತರ ತುಂಡಾದ ತುದಿಯನ್ನು ಭೂತಗನ್ನಡಿಯಲ್ಲೋ ಮೊಬೈಲ್ ಕ್ಯಾಮೆರಾವನ್ನು ಹಿಗ್ಗಿಸಿಯೋ ಪರೀಕ್ಷಿಸಿ. ತುದಿ ಮೇಣದಬತ್ತಿಯ ಹಾಗೆ ಸಣ್ಣಗಾಗುತ್ತ ಬಂದಿದ್ದರೆ ಅತಿಯಾದ ಎಳೆತಕ್ಕೆ ಉಕ್ಕು ಹಿಗ್ಗಿ ಹರಿದಿದೆ ಎಂದು ಊಹಿಸಬಹುದು. ಒಂದು ಬದಿಯಲ್ಲಿ ಉಜ್ಜಿದ ಹೊಳಪು ಅಥವಾ ಗೀರು ಇದ್ದು ಅಲ್ಲಿಂದ ಸೀಳಿದ್ದರೆ ಚೂಪಾದ ಅಂಚೊಂದು ಅದನ್ನು ತಿಂದಿದೆ. ಕಂದು ಚುಕ್ಕೆಗಳಿದ್ದರೆ ತುಕ್ಕು. ತುಂಡಾದ ಜಾಗ, ತುದಿಯ ಲಕ್ಷಣ ಎರಡನ್ನೂ ಒಂದು ಚೀಟಿಯಲ್ಲಿ ದಿನಾಂಕದೊಡನೆ ಬರೆದಿಡಿ. ಎರಡನೆಯ ತಂತಿ ಅದೇ ಜಾಗದಲ್ಲಿ ಹೋದರೆ ದೋಷ ವಾದ್ಯದಲ್ಲಿದೆ. ಬೇರೆ ಬೇರೆ ಜಾಗಗಳಲ್ಲಿ ಹೋಗುತ್ತಿದ್ದರೆ ದೋಷ ತಂತಿಯಲ್ಲೋ ಶ್ರುತಿ ಮಾಡುವ ಕ್ರಮದಲ್ಲೋ ಇದೆ.

ಶ್ರುತಿ ತಪ್ಪಿ ಮೇಲೇರಿತೇ?

ಅಂಚುಗಳನ್ನು ಉಜ್ಜಲು ಹೊರಡುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ನಾನು ಸ್ವತಃ ಒಂದೇ ಸಂಜೆ ಎರಡು ತಂತಿಗಳನ್ನು ಕಳೆದುಕೊಂಡದ್ದು ಇದರಿಂದಲೇ. ಮೊಬೈಲಿನ ಶ್ರುತಿ ಆ್ಯಪ್ ಪರದೆಯ ಮೇಲೆ ಡಿ ಎಂದು ತೋರಿಸುತ್ತದೆ, ಆದರೆ ಅದು ಯಾವ ಸ್ಥಾಯಿಯ ಡಿ ಎಂಬುದನ್ನು ಎಲ್ಲ ಆ್ಯಪ್‌ಗಳೂ ಹೇಳುವುದಿಲ್ಲ. ತಂತಿ ಇನ್ನೂ ಸಡಿಲವಾಗಿ ಜೋಲುತ್ತಿದ್ದಾಗ ಮುಳ್ಳು ಅತ್ತಿಂದಿತ್ತ ಓಡಾಡುತ್ತಿತ್ತು. ಸರಿಯಾದ ಡಿ ಯಾವಾಗ ಬಂದು ಹೋಯಿತೋ ನನಗೆ ತಿಳಿಯಲಿಲ್ಲ. ಇನ್ನೂ ಬರಬೇಕಿದೆ ಎಂದುಕೊಂಡು ಬಿರಡೆ ತಿರುಗಿಸುತ್ತಲೇ ಹೋದೆ, ಮೇಲಿನ ಸ್ಥಾಯಿಯ ಅರ್ಧ ದಾರಿಯಲ್ಲೇ ಅದು ಟಪ್ಪೆಂದು ಹೋಯಿತು. ತಂತಿ ಕೆಟ್ಟದ್ದೆಂದು ಬೈದುಕೊಂಡು ಎರಡನೆಯದನ್ನೂ ಹಾಗೆಯೇ ಹಾಳುಮಾಡಿದೆ.

ಲೆಕ್ಕ ಹೀಗಿದೆ. ನಟ್‌ನಿಂದ ಕುದುರೆಗೆ 61 ಸೆಂಟಿಮೀಟರ್, ಅಂದರೆ 24 ಇಂಚು ಇರುವ ವಾದ್ಯಕ್ಕೆ ಎಲೆಕ್ಟ್ರಿಕ್ ಗಿಟಾರಿನ 10-46 ಸೆಟ್ಟಿನ 5, 4 ಮತ್ತು 3ನೆಯ ತಂತಿಗಳನ್ನು ಹಾಕುವುದು ರೂಢಿ. ಅವುಗಳ ದಪ್ಪ ಕ್ರಮವಾಗಿ 0.036, 0.026 ಮತ್ತು 0.017 ಇಂಚು. ಇವನ್ನು ಜಿ2 (ಅಕ್ಷರದ ಪಕ್ಕದ ಅಂಕಿ ಸ್ಥಾಯಿಯದು; 98 ಹರ್ಟ್ಸ್), ಡಿ3 (147 ಹರ್ಟ್ಸ್), ಜಿ3 (196 ಹರ್ಟ್ಸ್) ಶ್ರುತಿಗೆ ತಂದಾಗ ಒಂದೊಂದರ ಮೇಲೆ ಸುಮಾರು ಆರರಿಂದ ಏಳೂವರೆ ಕಿಲೋ, ಮೂರೂ ಸೇರಿ ಸುಮಾರು 20 ಕಿಲೋ ಎಳೆತ ಬೀಳುತ್ತದೆ. ಅದೇ ತಂತಿಯನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಡಿ ತಂತಿಯ ಮೇಲೆ ಹೆಚ್ಚುಕಡಿಮೆ 30 ಕಿಲೋ! ಸುತ್ತು ತಂತಿಯಲ್ಲಿ ಭಾರ ಹೊರುವುದು ಒಳಗಿನ ಸಣ್ಣ ಉಕ್ಕಿನ ಎಳೆ ಮಾತ್ರ. ಹೊರಗಿನ ಸುತ್ತು ತೂಕಕ್ಕಷ್ಟೇ. ಆ ಎಳೆ ಇಷ್ಟನ್ನು ತಾಳುವುದಿಲ್ಲ.

ದಪ್ಪ ತಂತಿ ಹಾಕಿದರೆ ಸರಿಹೋದೀತು ಎಂಬ ಎಣಿಕೆಯೂ ಇಲ್ಲಿ ಕೈಕೊಡುತ್ತದೆ. ಸುತ್ತಿಲ್ಲದ ಉಕ್ಕಿನ ತಂತಿ ದಪ್ಪವಾದಷ್ಟೂ ಅದರ ಬಲ ಹೆಚ್ಚುತ್ತದೆ ನಿಜ, ಆದರೆ ಅದೇ ಶ್ರುತಿಗೆ ಬೇಕಾದ ಎಳೆತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹಾಗಾಗಿ ಒಂದು ಉದ್ದದ ತಂತಿ ಎಷ್ಟು ಎತ್ತರದ ಸ್ವರದವರೆಗೆ ತಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ಉದ್ದವೇ ನಿರ್ಧರಿಸುತ್ತದೆ. ಸುಮಾರು 65 ಸೆಂಟಿಮೀಟರ್ ಉದ್ದದಲ್ಲಿ ಇ4 (330 ಹರ್ಟ್ಸ್) ನಿರಾಳವಾಗಿ ನಿಲ್ಲುತ್ತದೆ, ಎ4 (440 ಹರ್ಟ್ಸ್) ಹತ್ತಿರವಾಗುವ ಹೊತ್ತಿಗೆ ಉಕ್ಕಿನ ಮಿತಿ ಮುಗಿಯುತ್ತದೆ. ಹನ್ನೆರಡು ತಂತಿಯ ಗಿಟಾರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತುಂಡಾಗುವುದು ಮೇಲಿನ ಸ್ಥಾಯಿಯ ಜಿ ತಂತಿ ಎಂಬುದಕ್ಕೆ ಇದೇ ಕಾರಣ. ಇದ್ದ ಮರ ಉದ್ದವಾಗಿದೆಯೆಂದು ಕತ್ತನ್ನು 70 ಸೆಂಟಿಮೀಟರ್ ಅಳತೆಗೆ ಮಾಡಿಕೊಂಡಿದ್ದರೆ, ಅದೇ ತಂತಿ ಅದೇ ಶ್ರುತಿಗೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಎಳೆತ ಕೇಳುತ್ತದೆ. ಅಂಥ ವಾದ್ಯಕ್ಕೆ ಜಿ ಬದಲು ಎಫ್ ಅಥವಾ ಇ ಷಡ್ಜವಾಗಿರಲಿ.

ಮಾಡಬೇಕಾದದ್ದು ಇಷ್ಟು: ಸ್ಥಾಯಿಯ ಅಂಕಿಯನ್ನೂ ತೋರಿಸುವ ಆ್ಯಪ್ ಬಳಸಿ, ಅಥವಾ ಮೊದಲು ಹಾರ್ಮೋನಿಯಂನಲ್ಲೋ ಕೀಬೋರ್ಡಿನಲ್ಲೋ ಬೇಕಾದ ಸ್ವರವನ್ನು ನುಡಿಸಿ, ಕಿವಿಯಿಂದ ಹತ್ತಿರಕ್ಕೆ ತಂದು, ಕೊನೆಯ ಕೂದಲೆಳೆಯ ಹೊಂದಿಕೆಗೆ ಮಾತ್ರ ಆ್ಯಪ್ ನೋಡಿ.

ತಂತಿ ನಿಜವಾಗಿ ವಾದ್ಯದ ತಂತಿಯೇ?

ಪೊರಕೆ ತಂತಿಯ ಕಥೆ ಕೇಳಿ ಉತ್ಸಾಹಗೊಂಡವರು ಕಟ್ಟಡ ಕೆಲಸದ ಬೈಂಡಿಂಗ್ ವೈರನ್ನು ಎಳೆದು ನೋಡುವುದುಂಟು. ಅದು ಕೈಯಲ್ಲೇ ತಿರುಚಲು ಬರಲೆಂದು ಕಾಯಿಸಿ ಮೆದುಗೊಳಿಸಿದ ಕಬ್ಬಿಣ. ವಾದ್ಯದ ಉಕ್ಕಿನ ತಂತಿಯ ಬಲದ ನಾಲ್ಕನೇ ಒಂದು ಪಾಲೂ ಅದಕ್ಕಿರುವುದಿಲ್ಲ. ಬಿರಡೆ ತಿರುಗಿಸಿದಷ್ಟೂ ಎಳೆದುಕೊಳ್ಳುತ್ತ ಹೋಗಿ, ಶ್ರುತಿ ನಿಲ್ಲದೆ, ಕೊನೆಗೆ ತುಂಡಾಗುತ್ತದೆ. ಸೈಕಲ್ಲಿನ ಬ್ರೇಕ್ ಕೇಬಲ್ ಬಿಚ್ಚಿ ತೆಗೆದ ಎಳೆ ಗಟ್ಟಿಯಾದದ್ದೇ, ಆದರೆ ಹುರಿಗೊಂಡ ಸುರುಳಿ ಪೂರ್ತಿ ಬಿಡದೆ ಅಪಸ್ವರ ಹೊರಡಿಸುತ್ತದೆ. ಗಿಟಾರ್ ತಂತಿ ಬಿಡಿಬಿಡಿಯಾಗಿಯೂ ಸಿಗುವಾಗ ಇವುಗಳ ಗೊಡವೆ ಬೇಡ.

ಇನ್ನೊಂದು ಸೂಕ್ಷ್ಮ: ಅಕೂಸ್ಟಿಕ್ ಸೆಟ್ಟುಗಳಲ್ಲಿ 3ನೆಯ ತಂತಿಯೂ ಸುತ್ತು ತಂತಿಯೇ. ಅದರ ಒಳ ಎಳೆ ಬಹಳ ಸಣ್ಣದು, ನಮ್ಮ ಒರಟು ಅಂಚುಗಳಿಗೆ ಬೇಗ ಬಲಿಯಾಗುತ್ತದೆ. ಮೇಲಿನ ಜಿ ತಂತಿಯೇ ಮತ್ತೆ ಮತ್ತೆ ಹೋಗುತ್ತಿದ್ದರೆ ಅದರ ಜಾಗಕ್ಕೆ ಸುತ್ತಿಲ್ಲದ 0.017 ಇಂಚಿನ ತಂತಿ ಹಾಕಿ ನೋಡಿ.

ಬಿರಡೆಯ ಬಳಿ ತುಂಡಾಗಿದ್ದರೆ

ಅಗ್ಗದ ಬಿರಡೆಗಳ ಕಂಬದಲ್ಲಿ ತಂತಿ ತೂರಿಸುವ ರಂಧ್ರದ ಬಾಯಿ ಕೊರೆದ ಹಾಗೆಯೇ ಚೂಪಾಗಿ ಉಳಿದಿರುತ್ತದೆ. ಬೆರಳಿಗೆ ಅದು ತಿಳಿಯದು. ಸ್ವಲ್ಪ ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು ರಂಧ್ರದಲ್ಲಿ ತೂರಿಸಿ ನಿಧಾನವಾಗಿ ಎಳೆಯಿರಿ. ಎಳೆಗಳು ಎಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆಯೋ ಅಲ್ಲಿ ಉಕ್ಕಿನ ಮುಳ್ಳಿದೆ. ರಂಧ್ರಕ್ಕಿಂತ ದಪ್ಪನೆಯ ಡ್ರಿಲ್ ಬಿಟ್ಟನ್ನು ಯಂತ್ರಕ್ಕೆ ಹಾಕದೆ ಬೆರಳಲ್ಲೇ ಹಿಡಿದು ರಂಧ್ರದ ಬಾಯಿಗೆ ಒತ್ತಿ ನಾಲ್ಕೈದು ಸುತ್ತು ತಿರುಗಿಸಿದರೆ ಅಂಚು ಇಳಿಜಾರಾಗುತ್ತದೆ. ಆಮೇಲೆ ಹಳೆಯ ಸುತ್ತು ತಂತಿಯ ತುಂಡೊಂದಕ್ಕೆ ಲೋಹ ಹೊಳಪಿಸುವ ಪೇಸ್ಟ್ ಹಚ್ಚಿ ರಂಧ್ರದಲ್ಲಿ ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿ. ಎಸೆಯಬೇಡಿ ಎಂದ ತಂತಿಗೆ ಇಲ್ಲೊಂದು ಕೆಲಸವೂ ಸಿಕ್ಕಂತಾಯಿತು.

ಹಲವು ಸಲ ತಪ್ಪು ಬಿರಡೆಯದ್ದಲ್ಲ, ಸುತ್ತುವ ಕ್ರಮದ್ದು. ತಂತಿಯನ್ನು ರಂಧ್ರದಲ್ಲಿ ತೂರಿಸಿ ಪೂರ್ತಿ ಬಿಗಿಯಾಗಿ ಎಳೆದು ತಿರುಗಿಸತೊಡಗಿದರೆ ಅರ್ಧ ಸುತ್ತಿಗೇ ಶ್ರುತಿ ಬಂದು, ಎಳೆತವೆಲ್ಲ ರಂಧ್ರದ ಅಂಚಿನ ಒಂದೇ ಮಡಿಕೆಯ ಮೇಲೆ ನಿಲ್ಲುತ್ತದೆ. ಕಂಬ ದಾಟಿ ಸುಮಾರು 5 ಸೆಂಟಿಮೀಟರ್ ಸಡಿಲ ಬಿಟ್ಟರೆ 6 ಮಿಲಿಮೀಟರ್ ಕಂಬಕ್ಕೆ ಎರಡೂವರೆ ಸುತ್ತು ಬರುತ್ತದೆ, ಅಷ್ಟು ಸಾಕು. ಸುತ್ತುಗಳು ಒಂದರ ಮೇಲೊಂದು ಏರದೆ ಒಂದರ ಕೆಳಗೊಂದು ಕೂರಬೇಕು.

ನಟ್‌ನ ಬಳಿ

ಬಿರಡೆ ತಿರುಗಿಸುವಾಗ ಟಕ್ ಟಕ್ ಎಂಬ ಸದ್ದು ಬಂದು ಶ್ರುತಿ ಒಮ್ಮೆಲೇ ಜಿಗಿಯುತ್ತಿದ್ದರೆ ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಹಾಗಿದ್ದಾಗ ನಟ್ ಮತ್ತು ಬಿರಡೆಯ ನಡುವಿನ ಚಿಕ್ಕ ಭಾಗದ ಮೇಲೆ ಎಳೆತವೆಲ್ಲ ಕೂಡಿಕೊಳ್ಳುತ್ತದೆ. ಸೂಜಿ ಅರದಿಂದ ಗೀರನ್ನು ತಂತಿಯ ದಪ್ಪಕ್ಕಿಂತ ಕೂದಲೆಳೆಯಷ್ಟು ಅಗಲಿಸಿ, ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರು ಕೊಡಿ; ಆಳ ಹೆಚ್ಚಿಸಬೇಡಿ, ತಂತಿ ಮೆಟ್ಟಿಲಿಗೆ ತಾಗಿ ಝರ್ ಎನ್ನುತ್ತದೆ. ಕೊನೆಗೆ ಮೆದುವಾದ ಪೆನ್ಸಿಲಿನ ಮೊನೆಯನ್ನು ಗೀರಿನಲ್ಲಿ ಆಡಿಸಿ. ಅದರ ಕರಿಪುಡಿ ಎಣ್ಣೆಗಿಂತ ಒಳ್ಳೆಯ ಜಾರುಕ.

ಕುದುರೆಯ ಬಳಿ

ಮನೆಯ ಗಿಟಾರುಗಳಲ್ಲಿ ತಂತಿ ಅತಿ ಹೆಚ್ಚು ತುಂಡಾಗುವುದು ಇಲ್ಲಿಯೇ, ಅದರಲ್ಲೂ ಕುದುರೆಯಾಗಿ ಬೋಲ್ಟ್ ಮಲಗಿಸಿದವರಲ್ಲಿ. ಬೋಲ್ಟ್ ಕುದುರೆ ನೋಡಲು ಸೊಗಸು, ನಾದವೂ ಗಟ್ಟಿ, ಥ್ರೆಡ್ಡಿನ ಸಾಲುಗಳು ತಂತಿಗೆ ಸಿದ್ಧ ಗೀರುಗಳಾಗುತ್ತವೆ. ಆದರೆ ಥ್ರೆಡ್ಡಿನ ಏಣು ಕತ್ತಿಯ ಬಾಯಿಯಂತೆ ಚೂಪು. ತಂತಿ ತಗ್ಗಿನಲ್ಲಿ ಕೂರದೆ ಏಣಿನ ಪಕ್ಕಕ್ಕೆ ಒರಗಿ ಕೂತರೆ, ಪ್ರತಿಯೊಂದು ಮೀಟಿಗೂ ಅದೇ ಬಿಂದುವಿನಲ್ಲಿ ಮಡಿಸಿ ಬಿಡಿಸಿದಂತಾಗುತ್ತದೆ. ನನ್ನ ವಾದ್ಯದಲ್ಲಿ ಒಮ್ಮೆ ತಂತಿ ಸರಿಸಿ ಬೋಲ್ಟನ್ನು ಬೆಳಕಿಗೆ ಹಿಡಿದಾಗ, ನಡುವಿನ ತಂತಿ ಕೂರುತ್ತಿದ್ದ ಏಣಿನ ಮೇಲೆ ಉಗುರಿನ ತುದಿಯಷ್ಟು ಅಗಲದ ಹೊಳಪೊಂದು ಕಂಡಿತು. ತುಂಡಾದ ತಂತಿಯ ತುದಿಯಲ್ಲಿದ್ದ ಗೀರನ್ನು ಅದರ ಮೇಲಿಟ್ಟಾಗ ಎರಡೂ ಬೀಗ ಮತ್ತು ಕೀಲಿಯಂತೆ ಕೂಡಿಕೊಂಡವು.

ಸರಿಪಡಿಸುವ ಕ್ರಮ ಹೀಗೆ: ತಂತಿಗಳ ಸ್ಥಾನವನ್ನು ಬೋಲ್ಟಿನ ಮೇಲೆ ಮಾರ್ಕರಿನಿಂದ ಗುರುತಿಸಿ, ಬೋಲ್ಟನ್ನು ಹೊರತೆಗೆದು, ಆ ಮೂರು ಜಾಗಗಳಲ್ಲಿ ಸೂಜಿ ಅರದಿಂದ ಏಣುಗಳನ್ನು ದುಂಡಗೆ ಮಾಡಿ. ಬಳಿಕ 400, 800, 1200 ನಂಬರಿನ ಎಮರಿ ಪೇಪರನ್ನು ಈ ಕ್ರಮದಲ್ಲೇ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ತಂತಿ ಓಡುವ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದರೆ ಅಡ್ಡ ಗೀರು ಬೀಳುತ್ತದೆ, ಅಲ್ಲಿಂದ ಕಥೆ ಮತ್ತೆ ಆರಂಭ. ಕೊನೆಯಲ್ಲಿ ಹತ್ತಿಯ ಪರೀಕ್ಷೆ: ಒಂದು ಎಳೆಯೂ ಸಿಕ್ಕಬಾರದು. ಇಷ್ಟೆಲ್ಲ ಬೇಡವೆನ್ನುವವರು ಬೋಲ್ಟನ್ನು ತೆಗೆದು ಥ್ರೆಡ್ಡಿಲ್ಲದ ನುಣುಪು ಹಿತ್ತಾಳೆ ಸರಳಿನ ತುಂಡನ್ನು ಮರದ ಪಟ್ಟಿಯ ಮೇಲೆ ಕೂರಿಸಬಹುದು. ಹಿತ್ತಾಳೆ ಉಕ್ಕಿಗಿಂತ ಮೆದು, ಅಂಚು ಹುಟ್ಟಿದರೂ ಅದೇ ಸವೆಯುತ್ತದೆ, ತಂತಿ ಉಳಿಯುತ್ತದೆ. ನನ್ನ ಒಲವು ಇದರ ಕಡೆಗೇ.

ತಂತಿ ಕುದುರೆಯನ್ನು ದಾಟಿ ಬಾಲದ ಕಡೆಗೆ ಇಳಿಯುವ ಕೋನವನ್ನೂ ಗಮನಿಸಿ. ಕುದುರೆಯ ಹಿಂದೆಯೇ ತಂತಿ ಕಡಿದಾಗಿ ಕೆಳಗಿಳಿದರೆ ಒತ್ತಡ ಅನಗತ್ಯವಾಗಿ ಹೆಚ್ಚುತ್ತದೆ. ತೀರಾ ಸಪಾಟಾದರೆ ತಂತಿ ಗೀರಿನಿಂದ ಹಾರಿ ಝೇಂಕರಿಸುತ್ತದೆ. 10ರಿಂದ 15 ಡಿಗ್ರಿಯ ಆಸುಪಾಸು ಇದ್ದರೆ ಒಳ್ಳೆಯದು.

ಬಾಲದ ಬಳಿ

ಬಾಲಕ್ಕೆ ಬಾಗಿಲಿನ ಚಿಕ್ಕ ಹಿಂಜ್ ಹೊಡೆದು ಅದರ ತಿರುಪಿನ ರಂಧ್ರಗಳಲ್ಲಿ ತಂತಿ ಪೋಣಿಸುವುದು ಈ ವಾದ್ಯಗಳ ಹಳೆಯ ಉಪಾಯ. ಹಿಂಜಿನ ತಗಡು ತೆಳು, ಅದನ್ನು ಒತ್ತಿ ಕತ್ತರಿಸಿದ ಅಂಚು ಒಂದು ಬದಿಯಲ್ಲಿ ಹರಿತವಾಗಿರುತ್ತದೆ. ಹಿಂಜನ್ನು ಮಗುಚಿ ಹಾಕಿ ನುಣುಪಾದ ಬದಿ ತಂತಿಗೆ ಬರುವಂತೆ ಮಾಡಿದರೆ ಕೆಲವೊಮ್ಮೆ ಅಷ್ಟಕ್ಕೇ ಮುಗಿಯುತ್ತದೆ. ಇಲ್ಲದಿದ್ದರೆ ಬ್ಯಾನರ್ ಮತ್ತು ಚಪ್ಪಲಿ ಕೆಲಸದವರ ಬಳಿ ಸಿಗುವ ಹಿತ್ತಾಳೆಯ ಐಲೆಟ್ಟನ್ನು (ರಂಧ್ರದ ಬಾಯಿಗೆ ಕೂರುವ ಉಂಗುರ) ರಂಧ್ರಕ್ಕೆ ಕೂರಿಸಿ. ಮರದಲ್ಲೇ ರಂಧ್ರ ಕೊರೆದು ತಂತಿ ಹಾಕಿದವರಿಗೂ ಐಲೆಟ್ ಬೇಕೇ ಬೇಕು, ಏಕೆಂದರೆ ತಂತಿಯ ತುದಿಯ ಗುಂಡು ಕಾಲಕ್ರಮದಲ್ಲಿ ಮೆದು ಮರವನ್ನು ಕೊರೆದುಕೊಂಡು ಒಳಗೆ ಹೂತು, ಗುಂಡಿನ ಪಕ್ಕದ ಹೊಸೆದ ಭಾಗ ನೇರವಾಗಿ ಅಂಚಿನ ಮೇಲೆ ಬಂದು ಕೂರುತ್ತದೆ. ಆ ಹೊಸೆದ ಭಾಗವೇ ತಂತಿಯ ಅತಿ ದುರ್ಬಲ ಜಾಗ, ಅದು ಎಂದೂ ಅಂಚಿನ ಮೇಲೆ ಮಡಿಯಬಾರದು.

ತುರ್ತಿಗೆ ಒಂದು ಉಪಾಯ: ವಿದ್ಯುತ್ ವೈರಿನ ಒಳಗಿನ ತಾಮ್ರ ಎಳೆದು ತೆಗೆದು, ಉಳಿದ ಪ್ಲಾಸ್ಟಿಕ್ ಕೊಳವೆಯ ಎರಡು ಸೆಂಟಿಮೀಟರ್ ತುಂಡನ್ನು ತಂತಿಗೆ ಪೋಣಿಸಿ ಅಂಚು ಬರುವ ಜಾಗಕ್ಕೆ ಸರಿಸಿ. ಬಾಲದ ಕಡೆಗೆ ಮಾತ್ರ ಹೀಗೆ ಮಾಡಬೇಕು. ಕುದುರೆಯ ಮೇಲೆ ಹಾಕಿದರೆ ನಾದ ಸತ್ತುಹೋಗುತ್ತದೆ.

ನಡುವೆ ತುಂಡಾಗಿದ್ದರೆ

ಇದು ಅಪರೂಪ. ಮೊಳೆಯ ತುಂಡುಗಳನ್ನೋ ಕಾಗದದ ಕ್ಲಿಪ್ಪುಗಳನ್ನೋ ಮೆಟ್ಟಿಲಾಗಿ ಅಂಟಿಸಿದವರು ಅವುಗಳ ಮೇಲ್ಮೈಯನ್ನು 800 ನಂಬರಿನ ಎಮರಿಯಿಂದ ನಯಗೊಳಿಸಬೇಕು. ಮೆಟ್ಟಿಲುಗಳಲ್ಲಿ ದೋಷವಿಲ್ಲದಿದ್ದರೆ ಉಳಿದದ್ದು ತುಕ್ಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಸಾದಾ ಉಕ್ಕಿನ ತಂತಿ ಬೆವರಿನ ಉಪ್ಪಿನೊಡನೆ ಕೆಲವೇ ವಾರಗಳಲ್ಲಿ ಒರಟಾಗುವುದನ್ನು ಬೆರಳೇ ಹೇಳುತ್ತದೆ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸಿ. ವೀಣೆ ನುಡಿಸುವವರು ಬೆರಳಿಗೆ ಎಣ್ಣೆ ಸವರಿಕೊಳ್ಳುವ ರೂಢಿಯನ್ನು ಇಲ್ಲಿಗೆ ತರಬೇಡಿ. ಗಿಟಾರಿನ ಸುತ್ತು ತಂತಿಯ ಸಂದುಗಳಲ್ಲಿ ಎಣ್ಣೆ ಮತ್ತು ಕೊಳೆ ಸೇರಿಕೊಂಡು ನಾದ ಮಂಕಾಗುತ್ತದೆ.

ಹೊಸ ತಂತಿ ಹಾಕುವಾಗ

ಕನ್ನಡಕ ಇಲ್ಲದವರು ಈ ಕೆಲಸಕ್ಕಾದರೂ ಒಂದನ್ನು ಹಾಕಿಕೊಳ್ಳಿ. ಏಳು ಕಿಲೋ ಎಳೆತದಲ್ಲಿ ತುಂಡಾದ ತಂತಿ ಎತ್ತ ಹಾರುತ್ತದೆಂದು ಹೇಳಲಾಗದು. ಅದೇ ಕಾರಣಕ್ಕೆ ಬಿಗಿಯಾಗಿರುವ ತಂತಿಯನ್ನು ಎಂದೂ ಇಕ್ಕಳದಿಂದ ಕತ್ತರಿಸಬೇಡಿ, ಮೊದಲು ಸಡಿಲಿಸಿ.

ಬಾಲದ ಕಡೆಯಿಂದ ತಂತಿ ಪೋಣಿಸಿ, ಗುಂಡು ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡಿ, ಎಲ್ಲಿಯೂ ಮುರಿದು ಮಡಿಕೆ ಬೀಳದಂತೆ ಬಿರಡೆಯವರೆಗೆ ತಂದು ಹಿಂದೆ ಹೇಳಿದಷ್ಟು ಸಡಿಲ ಬಿಟ್ಟು ಸುತ್ತಿ. ಮೊದಲು ಬೇಕಾದ ಶ್ರುತಿಗಿಂತ ಎರಡು ಸ್ವರ ಕೆಳಗೆ ನಿಲ್ಲಿಸಿ, ಉಳಿದ ಎರಡನ್ನೂ ಅಲ್ಲಿಗೇ ತನ್ನಿ. ನಂತರ ಪ್ರತಿಯೊಂದು ತಂತಿಯ ನಡುಭಾಗವನ್ನು ಎರಡು ಬೆರಳಲ್ಲಿ ಹಿಡಿದು ಒಂದು ಸೆಂಟಿಮೀಟರಿನಷ್ಟು ಮೆಲ್ಲಗೆ ಮೇಲೆತ್ತಿ ಬಿಡಿ, ಇಳಿದ ಶ್ರುತಿಯನ್ನು ಸರಿಪಡಿಸಿ, ಹೀಗೆ ಮೂರು ನಾಲ್ಕು ಬಾರಿ. ಆಮೇಲೆ ಮಾತ್ರ ಪೂರ್ತಿ ಶ್ರುತಿಗೆ ಏರಿಸಿ. ಉಳಿದ ತುದಿಯನ್ನು ಕಂಬದ ಹತ್ತಿರಕ್ಕೇ ಕತ್ತರಿಸದೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತುದಿಯನ್ನು ಒಳಕ್ಕೆ ಬಾಗಿಸಿ. ಬಟ್ಟೆಗೂ ಮಕ್ಕಳ ಕೈಗೂ ಚುಚ್ಚುವುದು ಆ ತುದಿಯೇ.

ಆ ರಾತ್ರಿ ವಾದ್ಯವನ್ನು ಶ್ರುತಿಯಲ್ಲೇ ಬಿಟ್ಟು ಬೆಳಿಗ್ಗೆ ನೋಡಿ. ಮೂರೂ ತಂತಿಗಳು ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಕತ್ತು ಎಳೆತಕ್ಕೆ ಹೊಂದಿಕೊಂಡಿದೆ, ಮತ್ತೊಮ್ಮೆ ಏರಿಸಿಕೊಂಡು ನುಡಿಸಬಹುದು. ಒಂದೇ ತಂತಿ ಹೆಚ್ಚು ಇಳಿದಿದ್ದರೆ ಅದರ ಗುಂಡಿನ ಬಳಿಯ ಹೊಸೆತ ಬಿಚ್ಚಿಕೊಳ್ಳುತ್ತಿರಬಹುದು, ಇಲ್ಲವೇ ಬಿರಡೆಯ ಕಂಬದಲ್ಲಿ ಜಾರುತ್ತಿರಬಹುದು. ಅದನ್ನು ಮತ್ತೆ ಬಿಗಿಮಾಡದೆ ಸಡಿಲಿಸಿ ಆ ಎರಡು ಜಾಗಗಳನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಮುಂದಿನ ಕೆಲಸ.